ಮಾಯಕಾರನ ಮುಖ ಬರೆದ ಹಾಲವ್ವ

ಬಹಳ ಹಿಂದೆ, ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೂವಿನಗಡ ಎಂಬ ರಾಜ್ಯವಿತ್ತು. ಅಲ್ಲಿ ಗೋಡೆ, ಬಾಗಿಲು, ತೊಟ್ಟಿಲುಗಳ ಮೇಲೆ ಚಿತ್ರ ಬರೆಯುವ ಚಿತ್ರಗಾರರಿದ್ದರು. ಅವರು ಯಾರ ಆಳೂ ಅಲ್ಲ. ಕರೆದವರ ಮನೆಗೆ ಹೋಗುವರು, ಬರೆಯುವರು, ಮುಂದಿನ ಊರಿಗೆ ನಡೆಯುವರು.

ಅವರಲ್ಲೊಂದು ಪದ್ಧತಿಯಿತ್ತು. ಬಣ್ಣ ಕಲೆಸುವ ಮುಂಚೆ ಕರೆದವರ ಜಗಲಿಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ಮನೆಯವರನ್ನು ಕೇಳಬೇಕು: ಚಿತ್ರ ಯಾರ ಕಣ್ಣಿಗೆ ಬೀಳಬೇಕು? ಯಾಕೆ ಬೇಕು? ಏನಾದರೆ ನಿಮಗೆ ಸಮಾಧಾನ? ಉತ್ತರ ಸಿಗುವ ತನಕ ಕುಂಚ ಒದ್ದೆಯಾಗುತ್ತಿರಲಿಲ್ಲ. ಬಿಸಿಲು ಜಗಲಿ ಇಳಿದು ಅಂಗಳಕ್ಕೆ ಹೋದರೂ ಮಾತು ಮುಗಿಯುತ್ತಿರಲಿಲ್ಲ. ಅಜ್ಜಿಯರು ನಡುವೆ ಬಾಯಿ ಹಾಕಿ ತಮ್ಮ ಮದುವೆಯ ಕತೆ ತೆಗೆಯುತ್ತಿದ್ದರು. ಎಂಥ ಪುರುಸೊತ್ತಿನ ಕಾಲ ಅದು, ನೆನೆದರೆ ಈಗಲೂ ನನಗೆ ಹೊಟ್ಟೆಕಿಚ್ಚು.

ಆ ಚಿತ್ರಗಾರರಲ್ಲಿ ಹಾಲವ್ವ ಎಂಬವಳೊಬ್ಬಳು, ಅವಳ ತಮ್ಮ ಕಲ್ಲೇಶ. ಕಲ್ಲೇಶನ ಕೈ ಬಲು ಚುರುಕು. ಪ್ರಶ್ನೆ ಕೇಳುವುದೆಂದರೆ ಮಾತ್ರ ಅವನಿಗೆ ನಾಚಿಕೆ. "ಕೇಳಿದ್ರೆ ಇವನಿಗೆ ಕೆಲಸ ಬರಲ್ಲ ಅಂದ್ಕೋತಾರೆ ಅಕ್ಕ. ಹೇಳಿದ್ದನ್ನ ಬರೆದುಕೊಟ್ಟು ಬಂದ್ರಾಯ್ತು" ಎನ್ನುತ್ತಿದ್ದ.

ಬೆಟ್ಟದ ಮೇಲಿನ ಕೋಟೆಯಲ್ಲಿ ಬಹುಮುಖ ಎಂಬ ಮಾಯಕಾರನಿದ್ದ. ಅವನು ಡಂಗುರ ಸಾರಿಸಿದ್ದ: ನನ್ನ ಚಿತ್ರ ಬರೆದು ಮೆಚ್ಚಿಸಿದವರಿಗೆ ಕೇಳಿದ್ದು ಕೊಡುವೆ, ಮೆಚ್ಚಿಸದವರು ತಾವೇ ಚಿತ್ರವಾಗಿ ನನ್ನ ಗೋಡೆ ಸೇರಬೇಕು. ಕಲ್ಲೇಶ ಹುರುಪಿನಿಂದ ಹೋದ. ಕೆಲವು ದಿನ ಕಳೆದ ಮೇಲೆ ಗಿಳಿಯೊಂದು ಹಾರಿಬಂದು, "ನಿನ್ನ ತಮ್ಮ ಗೋಡೆ ಸೇರಿದ" ಎಂದು ಹಾಲವ್ವನಿಗೆ ಹೇಳಿತು. ಅವಳು ಮನಸಾರೆ ಅತ್ತಳು. ಆಮೇಲೆ ಬಣ್ಣದ ಚೀಲ ಹೆಗಲಿಗೆ ಹಾಕಿ ಹೊರಟಳು.

ಕಾಡಿನಲ್ಲಿ ಮಾತಾಡುವ ಹುಲಿ ಅಡ್ಡ ನಿಂತಿತು. "ನನ್ನ ಪಟ್ಟೆ ಅಳಿಸು, ದಾರಿ ಬಿಡ್ತೀನಿ" ಎಂದಿತು. ತಮ್ಮನ ಚಿಂತೆಯಲ್ಲಿದ್ದ ಹಾಲವ್ವ ಏನೂ ಕೇಳದೆ ಪಟ್ಟೆಗಳ ಮೇಲೆಲ್ಲ ಹಳದಿ ಬಳಿದು ಮುಂದೆ ನಡೆದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹುಲಿ ಮತ್ತೆ ಎದುರಾಯಿತು.

"ನನ್ನ ಮರಿಗಳೇ ನನ್ನ ಕಂಡು ಓಡಿಹೋದ್ವು. ಏನು ಮಾಡಿಟ್ಟೆ ನೀನು?"

"ಅಳಿಸು ಅಂದೆಯಲ್ಲ. ಪಟ್ಟೆ ಏನು ಮಾಡಿತ್ತು ನಿನಗೆ?"

"ಕಡೀತಿತ್ತು. ಈಗ್ಲೂ ಕಡೀತಾನೇ ಇದೆ."

ಹಾಲವ್ವ ಹುಲಿಯ ಕೂದಲು ಸರಿಸಿ ನೋಡಿದಳು. ಮೈತುಂಬಾ ಉಣ್ಣೆಗಳು ಕಚ್ಚಿಕೊಂಡಿದ್ದವು. ಒಂದೊಂದಾಗಿ ಕಿತ್ತು, ಬೇವಿನ ಎಣ್ಣೆ ಸವರಿ, ಪಟ್ಟೆಗಳನ್ನು ಮತ್ತೆ ಬರೆದಳು. ಹುಲಿ ನೆಮ್ಮದಿಯಿಂದ ಮರಿಗಳ ಕಡೆಗೆ ಹೋಯಿತು. ಹಾಲವ್ವ ತನ್ನ ತಲೆಗೆ ತಾನೇ ಮೊಟಕಿಕೊಂಡಳು. ಇನ್ನು ಕೇಳದೆ ಕುಂಚ ಎತ್ತುವುದಿಲ್ಲ ಎಂದುಕೊಂಡಳು.

ಬೆಟ್ಟದ ಬುಡದಲ್ಲಿ ಗುಹೆ, ಗುಹೆಯ ಬಾಯಲ್ಲಿ ನಿಧಿ ಕಾಯುವ ಹಾವು. "ಬಾಗಿಲ ಮೇಲೆ ದೊಡ್ಡ ಬೀಗ ಬರಿ. ಬಂದೋರೆಲ್ಲ ಬರೆದ್ರು, ಒಂದೂ ಸಾಲ್ದು" ಎಂದಿತು.

"ಬೀಗ ಸರಿಯಾಗಿದ್ರೆ ನೀನು ಏನು ಮಾಡ್ತಿದ್ದೆ?" ಎಂದು ಕೇಳಿದಳು ಹಾಲವ್ವ.

ಹಾವು ಯೋಚಿಸಿತು. "ಮಲಗ್ತಿದ್ದೆ ತಾಯಿ. ಯುಗವೇ ಆಯ್ತು ನಿದ್ದೆ ಇಲ್ಲ. ನಾನು ಕಣ್ಣು ಮುಚ್ಚಿದ್ರೆ ಕಾಯೋರು ಯಾರು?"

ಹಾಲವ್ವ ಅದರ ಎರಡೂ ರೆಪ್ಪೆಗಳ ಮೇಲೆ ಅಗಲವಾಗಿ ತೆರೆದ ಕಣ್ಣುಗಳನ್ನು ಬರೆದಳು. ಹಾವಿಗೆ ರೆಪ್ಪೆ ಎಲ್ಲಿಂದ ಬಂತು ಎಂದು ನನ್ನನ್ನು ಕೇಳಬೇಡಿ, ಆ ಕಾಲದ ಹಾವಿಗೆ ಇತ್ತು. ಅದು ಒಳಗಿನ ಕಣ್ಣು ಮುಚ್ಚಿ ಗೊರಕೆ ಹೊಡೆಯತೊಡಗಿತು. ಹಾಲವ್ವ ಸದ್ದಿಲ್ಲದೆ ಬೆಟ್ಟ ಹತ್ತಿದಳು.

ಕೋಟೆಯ ಗೋಡೆಯ ತುಂಬ ಚಿತ್ರವಾದ ಚಿತ್ರಗಾರರು. ನಡುವೆ ಕುಂಚ ಎತ್ತಿಹಿಡಿದ ಕಲ್ಲೇಶ. ಮಾಯಕಾರ ಎದುರಿಗೆ ಬಂದ. ಅವನ ಮುಖ ಕಣ್ಣೆವೆ ಇಕ್ಕುವುದರಲ್ಲಿ ಒಂದರಿಂದ ಇನ್ನೊಂದಾಗುತ್ತಿತ್ತು.

"ಚಕ್ರವರ್ತಿ ಹಾಗೆ ಬರಿ ನನ್ನ. ಕಿರೀಟ ಇರ್ಲಿ, ಬಂಗಾರ ಧಾರಾಳವಾಗಿ ಬಳಿ."

ಹಾಲವ್ವ ನೆಲದ ಮೇಲೆ ಕೂತಳು. "ಮೊದಲು ಒಂದು ಲೋಟ ನೀರು ಕೊಡಿ ಒಡೆಯ."

ಅವನನ್ನು ಯಾರೂ ನೀರು ಕೇಳಿರಲಿಲ್ಲ. ತಬ್ಬಿಬ್ಬಾಗಿ ತಾನೇ ಹೋಗಿ ತಂದ. ಅವಳು ಕುಡಿದು ಕೇಳಿದಳು. "ಚಿತ್ರ ಯಾರು ನೋಡ್ಬೇಕು?"

"ಲೋಕ ನೋಡ್ಬೇಕು."

"ಲೋಕ ಇಲ್ಲಿಗೆ ಬರಲ್ವಲ್ಲ. ದಿನಾ ನೋಡೋರು ಯಾರು?"

ಮಾಯಕಾರ ತಡವರಿಸಿದ. "ನಾನೇ."

"ಇವರೆಲ್ಲ ಬರೆದದ್ದರಲ್ಲಿ ಏನು ಕಡಿಮೆ ಆಯ್ತು?"

"ಒಂದರಲ್ಲೂ ನಾನಿರ್ಲಿಲ್ಲ" ಎಂದು ಅವನು ಕಿರುಚಿದ. ಸೂರಿನ ಬಾವಲಿಗಳು ಹಾರಿಹೋದವು.

ಹಾಲವ್ವ ಬಿಡಲಿಲ್ಲ. "ಇದು ನೀವೇ ಅಂತ ಯಾರು ಹೇಳಿದ್ರೆ ನಂಬ್ತೀರಿ?"

ಬದಲಾಗುತ್ತಿದ್ದ ಮುಖ ನಿಂತಿತು. "ನಮ್ಮವ್ವ" ಎಂದ.

"ಅವ್ವ ಕೊನೆಗೆ ನೋಡಿದಾಗ ಎಷ್ಟು ದೊಡ್ಡೋರಿದ್ರಿ?"

"ಅವಳ ಸೊಂಟಕ್ಕೆ ಬರ್ತಿದ್ದೆ. ಎಣ್ಣೆ ಹಚ್ಚಿ ತಲೆ ಬಾಚೋಳು. ಎಣ್ಣೆ ಹಣೆಗಿಳಿದು ಕಣ್ಣು ಉರಿಯೋದು."

"ಅವ್ವ ಯಾವುದಕ್ಕೆ ಬೈತಿದ್ರು?"

"ಹುಣಸೆಕಾಯಿಗೆ. ಆ ಮರದಿಂದ ಬಿದ್ದೇ ಮುಂದಿನ ಹಲ್ಲು ಮುರಿದದ್ದು. ಆದ್ರೂ ಮುಷ್ಟಿಯಲ್ಲಿ ಬಚ್ಚಿಟ್ಕೊಂಡು ತರ್ತಿದ್ದೆ..."

ಅವನು ಹೇಳುತ್ತಲೇ ಹೋದ. ಹೊಸ ಮುಖ ತೊಟ್ಟಾಗಲೆಲ್ಲ ಹಳೆಯದನ್ನು ಮರೆಯುತ್ತಾ ಬಂದಿದ್ದ. ಅವನ ಮಾಯೆಯೆಲ್ಲ ನಿಂತಿದ್ದದ್ದು ಆ ಮರೆವಿನ ಮೇಲೆ. ಹಾಲವ್ವ ಆಗ ಕುಂಚ ಒದ್ದೆ ಮಾಡಿದಳು. ಕಿರೀಟವಿಲ್ಲ, ಬಂಗಾರವಿಲ್ಲ. ಎಣ್ಣೆ ಮಿಂಚುವ ಹಣೆ, ಮುರಿದ ಹಲ್ಲು, ಏನನ್ನೋ ಅಡಗಿಸಿದ ಪುಟ್ಟ ಮುಷ್ಟಿ.

ಮಾಯಕಾರ ಚಿತ್ರ ನೋಡಿದ. ನೋಡಿ ನೋಡಿ ಬಿಕ್ಕಿಬಿಕ್ಕಿ ಅತ್ತ. ತೊಟ್ಟ ಮುಖಗಳೆಲ್ಲ ಕಳಚಿ, ನರೆತ ಮೀಸೆಯ ಒಬ್ಬ ಮುದುಕ ಉಳಿದ. "ಏನು ಬೇಕು ಕೇಳವ್ವ" ಎಂದ.

"ನನ್ನ ತಮ್ಮ ಬೇಕು. ಅವನ ಜೊತೆ ಇವರೆಲ್ಲರೂ."

ಮಾತು ಮುಗಿಯುವ ಮುಂಚೆಯೇ ಚಿತ್ರಗಾರರು ಸುಣ್ಣದ ಪುಡಿ ಕೊಡವಿಕೊಳ್ಳುತ್ತಾ ಗೋಡೆಯಿಂದ ಇಳಿದರು. ಹಾಲವ್ವ ಕಲ್ಲೇಶನನ್ನು ಬಾಚಿ ತಬ್ಬಿಕೊಂಡಳು. ಅವನ ಕಣ್ಣು ಚಿತ್ರದ ಮೇಲಿತ್ತು.

"ಅವನು ಕಿರೀಟ ಕೇಳಿದ್ನಲ್ಲ ಅಕ್ಕ? ನಾನು ಎಷ್ಟು ಚಂದ ಬರೆದಿದ್ದೆ."

"ಕೇಳಿದ್ದ ಕಣೋ. ಯಾಕೆ ಅಂತ ನೀನು ಕೇಳ್ಲಿಲ್ಲ."

ಚಿತ್ರಗಾರರು ತಮ್ಮ ತಮ್ಮ ಮನೆ ಸೇರಿದರು, ಹೂವಿನಗಡದ ಊರುಗಳೆಲ್ಲ ನಗುನಗುತ್ತಾ ಬಾಳಿದವು. ಕಲ್ಲೇಶ ಜಗಲಿಯ ಮೇಲೆ ಕೂರುವುದನ್ನು ಕಲಿತ. ಆಮೇಲೆ ಅವನನ್ನು ಅಲ್ಲಿಂದ ಎಬ್ಬಿಸುವುದೇ ಮನೆಯವರಿಗೆ ಕಷ್ಟವಾಯಿತಂತೆ.

ಮಾಯಕಾರ ಚಿತ್ರವನ್ನು ಕಂಕುಳಲ್ಲಿಟ್ಟುಕೊಂಡು ತನ್ನ ಹಳೆಯ ಊರಿಗೆ ನಡೆದ. ಅವ್ವ ಇನ್ನೂ ಇದ್ದಳೇ ಎನ್ನುತ್ತೀರಾ? ಇಂಥ ಕತೆಯಲ್ಲಿ ಅವ್ವ ಇಲ್ಲದಿದ್ದರೆ ಹೇಳುವ ನನಗೇ ಸಂಕಟ. ಇದ್ದಳು, ಹೊಸಿಲ ಮೇಲೆ ಕೂತಿದ್ದಳು. ಅವನು ಗುರುತಿಗೆಂದು ಚಿತ್ರ ಬಿಚ್ಚಹೋದ. ಅವಳು ಅದರ ಕಡೆ ನೋಡಲೇ ಇಲ್ಲ.

"ಎಲ್ಲಿಗೆ ಹೋಗಿದ್ದೆ ಇಷ್ಟೊತ್ತು? ಕೈಕಾಲು ತೊಳ್ಕೊಂಡು ಬಾ, ಉಣ್ಣೋಕೆ ಇಡ್ತೀನಿ" ಎಂದಳು.