ಗೆಜ್ಜೆ ಬಿಚ್ಚಿದ ಮೇಡಂ

ಬಿಂದುಶ್ರೀ ಮೇಡಂ ಜೊತೆ ನಾನು ಮೊದಲು ಮಾತಾಡಿದ್ದೇ ಜಗಳದಲ್ಲಿ. ಶಾಲೆಯಲ್ಲಿ ಪೋಷಕರ ಸಭೆ. ಮಗಳು ಮೈತ್ರಿ ಸದ್ದೇ ಇಲ್ಲದೆ ಬಂದು ನನ್ನ ಪಕ್ಕದಲ್ಲಿ ನಿಂತಳು. ಬಗ್ಗಿ ನೋಡಿದೆ. ಅವಳ ಕಾಲಲ್ಲಿ ಗೆಜ್ಜೆ ಇರಲಿಲ್ಲ.

ಮೈತ್ರಿಗೆ ಎಂಟು ವರ್ಷ. ಆಟಿಸಂ ಎಂದು ಮೈಸೂರಿನ ಡಾಕ್ಟರು ಹೇಳಿದ್ದಾರೆ. ಮಾತಿಲ್ಲ, ಕರೆದರೆ ತಿರುಗುವುದಿಲ್ಲ, ಬಾಗಿಲು ತೆರೆದಿದ್ದರೆ ನಡೆದುಬಿಡುತ್ತಾಳೆ. ನೀರು ಕಂಡರಂತೂ ಮುಗಿಯಿತು. ಅವಳ ತಾಯಿ ತೀರಿಕೊಂಡ ಮೇಲೆ ನಮ್ಮವ್ವ ಮರಿತಾಯಮ್ಮ ಅವಳ ಕಾಲಿಗೆ ದಪ್ಪ ಗೆಜ್ಜೆ ಹಾಕಿಸಿದ್ದಳು. ಅಡುಗೆಮನೆಯಲ್ಲಿದ್ದರೂ ಹಿತ್ತಲಲ್ಲಿದ್ದರೂ ನಮ್ಮ ಕಿವಿ ಆ ಸದ್ದಿನ ಮೇಲೇ. ಸದ್ದು ನಿಂತರೆ ಇಬ್ಬರೂ ಎದ್ದು ಓಡುತ್ತಿದ್ದೆವು.

"ಯಾರ್ ಬಿಚ್ಚಿದ್ದು?" ಅಂದೆ.

"ನಾನೇ," ಅಂದರು ಹೊಸ ಮೇಡಂ. ಹಸಿರು ಕಾಟನ್ ಸೀರೆ, ಬಸ್ಸಿನ ಧೂಳು ಕೂತ ಕನ್ನಡಕ. ತಿ. ನರಸೀಪುರದಿಂದ ನಂಜನಗೂಡಿಗೆ ಒಂದು ಬಸ್ಸು, ಅಲ್ಲಿಂದ ಕವಲಂದೆ ಕಡೆಗೆ ಇನ್ನೊಂದು ಹಿಡಿದು ಬರುವವರು. "ಗೆಜ್ಜೆ ಸದ್ದಿಗೆ ಹಸು ಬಂತು ಅಂತ ಮಕ್ಕಳೆಲ್ಲ ಅಂಬಾ ಅಂತ ಕೂಗ್ತಾರೆ ಸರ್. ನಿಮಗೆ ಕೇಳಿಸಿಲ್ಲ, ನನಗೆ ಕೇಳಿಸ್ತು."

ನನಗೆ ಪಿತ್ತ ನೆತ್ತಿಗೇರಿತು. ಶಾಲೆಯ ಹಿಂದೆ ಬೇಲಿಯಿಲ್ಲ, ಅದರಾಚೆ ತುಂಬಿದ ನಾಲೆ, ನೋಡಿಕೊಳ್ಳಲು ಒಬ್ಬ ಆಯಾ ಇಲ್ಲ ಎಂದು ಕೂಗಾಡಿದೆ. ಇಲಾಖೆ ಆಯಾಳನ್ನು ಕೊಡುವುದಿಲ್ಲ, ನನ್ನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ ಎಂದರು ಅವರು. ಇಂಥ ಮಗುವಿನಿಂದ ನಮ್ಮ ಮಕ್ಕಳ ಪಾಠ ಕೆಡುತ್ತದೆ ಎಂದು ಅದೇ ತರಗತಿಯ ಇನ್ನೊಂದು ಹುಡುಗಿಯ ಅಪ್ಪ ಚಲುವಯ್ಯ ಎದ್ದು ನಿಂತ. ಹೆಡ್‌ಮಾಸ್ಟರ್ ಶಂಭುಲಿಂಗಪ್ಪನವರು ಸಮಾಧಾನದ ದಾರಿ ಹುಡುಕಿದರು: ಹುಡುಗಿ ಮನೆಯಲ್ಲೇ ಇರಲಿ, ವಾರಕ್ಕೊಮ್ಮೆ ಮೇಡಂ ಹೋಗಿ ಕಲಿಸಲಿ, ಅದಕ್ಕೂ ಅವಕಾಶವಿದೆ. ಹೆದರಿ ಸಾಯುತ್ತಿದ್ದ ನಾನು ತಕ್ಷಣ ತಲೆಯಾಡಿಸಿದೆ.

"ಅವರೂ ಬೇಡ ಅಂತಾರೆ, ನೀವೂ ಮನೇಲಿಟ್ಕೋತೀನಿ ಅಂತೀರ," ಎಂದರು ಬಿಂದುಶ್ರೀ. ದನಿ ಏರಿರಲಿಲ್ಲ, ಕಣ್ಣು ಮಾತ್ರ ನನ್ನನ್ನು ಬಿಡಲಿಲ್ಲ. "ಇವಳ ಪರವಾಗಿ ಶಾಲೆ ಬೇಕು ಅಂತ ಯಾರ್ ಹೇಳ್ಬೇಕು?"

ಆ ಕಣ್ಣಿನ ಮುಂದೆ ನಾನು ತಣ್ಣಗಾದೆ. ನಾನು ಲೈನ್‌ಮನ್. ಕಂಬ ಹತ್ತುವ ಮುಂಚೆ ಕರೆಂಟು ಸ್ಟೇಷನ್ನಿಗೆ ಫೋನು ಮಾಡಿ, ಕರೆಂಟು ತೆಗೆಸಿ, ಲೈನ್ ಕ್ಲಿಯರ್ ತೆಗೆದುಕೊಳ್ಳುತ್ತೇವೆ. ತೆಗೆದುಕೊಂಡವನೇ ಕೆಳಗಿಳಿದು ವಾಪಸ್ ಕೊಡಬೇಕು, ಅಲ್ಲಿಯವರೆಗೆ ಯಾರೂ ಕರೆಂಟು ಬಿಡುವಂತಿಲ್ಲ. ಗೆಜ್ಜೆ ಬೇಡವೆಂದರೆ ಮೈತ್ರಿಯ ವಿಷಯದಲ್ಲೂ ಹಾಗೇ ಆಗಲಿ ಎಂದೆ: ಬೆಳಿಗ್ಗೆ ಅವಳು ಕೈ ಸೇರಿದ ಕೂಡಲೇ ಒಂದು ಫೋನು, ಸಂಜೆ ನಮ್ಮವ್ವನಿಗೆ ಒಪ್ಪಿಸಿದ ಮೇಲೆ ಇನ್ನೊಂದು. ಮೇಡಂ ಒಪ್ಪಿದರು.

"ಲೈನ್ ಕ್ಲಿಯರ್ ತಗೊಂಡಿದೀನಿ ಜಗನ್ ಅವರೇ," ಎಂದಿತು ಮರುದಿನದ ಫೋನು. ದನಿಯ ಹಿಂದೆ ನಗು ಅಡಗಿತ್ತು.

ಫೋನುಗಳು ಬರಬರುತ್ತ ಉದ್ದವಾದವು. ಮೈತ್ರಿ ನೀಲಿ ಬಣ್ಣ ಗುರುತಿಸಿದ್ದು, ಚಲುವಯ್ಯನ ಮಗಳ ಪಕ್ಕ ಕೂತು ಉಂಡಿದ್ದು. ಆಮೇಲೆ ನನ್ನ ಊಟವಾಯಿತೇ ಎಂಬ ವಿಚಾರಣೆ, ಗಾಳಿ ಬೀಸುವಾಗ ಕಂಬ ಹತ್ತಬೇಡಿ ಎಂಬ ಅಪ್ಪಣೆ. ನಾನೋ, ಫೋನು ಬರುವ ಹೊತ್ತಿಗೆ ತಲೆ ಬಾಚಿಕೊಳ್ಳತೊಡಗಿದ್ದೆ.

"ಮೇಡಮ್ಮೋರ್ ಫೋನ್ಗೆ ಪೌಡ್ರು ಯಾಕ್ಲಾ?" ಎಂದಳು ಅವ್ವ.

ಬಸ್‌ಸ್ಟಾಪಿನಲ್ಲಿ ಸಿಕ್ಕರೆ ಅವರು ಕನ್ನಡಕ ಮೇಲೇರಿಸಿ, ತುಟಿಯಂಚಿನಲ್ಲಿ ನಗುತ್ತ ನನ್ನನ್ನೇ ನೋಡುವರು. ನಾನು ಬಸ್ಸಿನ ಬೋರ್ಡು ಓದುತ್ತ ನಿಲ್ಲುವೆ. ಬಾಯಿ ಬಿಡಲು ಭಯ. ಅವರು ಬೇಡ ಅಂದುಬಿಟ್ಟರೆ ನನಗೆ ಮಾತ್ರವಲ್ಲ, ಮೈತ್ರಿಗೂ ಅವರು ಇಲ್ಲವಾಗುತ್ತಾರೆ.

ಒಂದು ಸಂಜೆ ಫೋನು ಬರಲಿಲ್ಲ. ಕೆಲಸ ಮುಗಿಸಿ ಕಂಬದ ಬುಡದಲ್ಲಿ ಕಾದೆ. ನಾನೇ ಮಾಡಿದೆ, ಸ್ವಿಚ್ ಆಫ್. ಮತ್ತೆ ಮಾಡಿದೆ. ಬೈಕು ಹತ್ತಿ ಶಾಲೆಯ ಕಡೆ ಹೊರಟೆ. ದಾರಿಯುದ್ದಕ್ಕೂ ನಾಲೆಯ ನೀರನ್ನು ನೋಡಬಾರದೆಂದುಕೊಂಡು ಅದನ್ನೇ ನೋಡಿದೆ. ಅದರಲ್ಲಿ ಒಂದು ಪುಟ್ಟ ಫ್ರಾಕು ತೇಲಿ ಬಂದರೆ ನಾನೇನು ಮಾಡಲಿ?

ಶಾಲೆಯ ಹಿಂದೆ, ನಾಲೆಯ ಏರಿಯ ಮೇಲೆ, ಮೈತ್ರಿ ತೊಯ್ದು ತೊಪ್ಪೆಯಾಗಿ ಕೂತಿದ್ದಳು. ಏನೂ ಆಗದವಳಂತೆ ಅಂಗೈ ತಟ್ಟುತ್ತಿದ್ದಳು. ಪಕ್ಕದಲ್ಲಿ ಬಿಂದುಶ್ರೀ, ಎದೆಮಟ್ಟ ನೆನೆದ ಸೀರೆ, ಕನ್ನಡಕವಿಲ್ಲ. ಬಿದ್ದು ಅಳುತ್ತಿದ್ದ ಬೇರೆ ಮಗುವನ್ನು ಎತ್ತಲು ತಿರುಗಿದ್ದರಂತೆ. ಅಷ್ಟರಲ್ಲಿ ಇವಳು ನೀರಿಗಿಳಿದಿದ್ದಳು. ಹಿಂದೆಯೇ ಹಾರಿದವರ ಫೋನು ನಾಲೆಯ ಪಾಲಾಗಿತ್ತು.

ಮಗಳನ್ನು ಅವಚಿಕೊಂಡು ಅತ್ತುಬಿಟ್ಟೆ. ಅವಳು ಕೊಸರಿಕೊಂಡು ಬಿಡಿಸಿಕೊಂಡಳು.

"ನೀವು ಹೇಳಿದ್ದೇ ಸರಿ," ಎಂದರು ಬಿಂದುಶ್ರೀ ನೆಲ ನೋಡುತ್ತ. "ನನ್ ಕೈಲಾಗಲ್ಲ. ಮನೇಲೇ ಇರಲಿ."

ಹಿಂದೆ ನಿಂತಿದ್ದ ಹೆಡ್‌ಮಾಸ್ಟರೂ ಹೂಂಗುಟ್ಟಿದರು. ನಾನು ಗೆದ್ದಿದ್ದೆ. ಆದರೆ ಬಾಗಿಲು ಹಾಕಿದ ಮನೆಯಲ್ಲಿ, ಕಿಟಕಿಯ ಸರಳು ಹಿಡಿದು ದಿನಗಟ್ಟಲೆ ನಿಲ್ಲುವ ಮೈತ್ರಿಯನ್ನೂ ನಾನೇ ಅಲ್ಲವೇ ನೋಡಿದ್ದು? ಈಗ ಅವಳಿಗೆ ಪಕ್ಕದಲ್ಲಿ ಕೂತು ಉಣ್ಣುವ ಒಬ್ಬ ಗೆಳತಿಯಿದ್ದಳು.

"ನಾಳೆ ಬತ್ತಾಳೆ ಸಾ," ಎಂದೆ ಹೆಡ್‌ಮಾಸ್ಟರಿಗೆ. "ಹಿಂದ್ಗಡೆ ತಂತಿ ಬೇಲಿ ನಾನೇ ಹಾಕ್ತೀನಿ."

ಅವರು ಹೋಗಿ ಶಾಲೆಯ ಜಗಲಿಯ ಮೇಲೆ ನಿಂತರು. ಈಗ ಹೇಳದಿದ್ದರೆ ಯಾವತ್ತೂ ಹೇಳಲಾರೆ ಅನ್ನಿಸಿತು.

"ನಮ್ಮನೆಗೆ ಬಂದ್ಬಿಡಿ," ಎಂದೆ. "ಮೇಡಂ ಆಗಿ ಅಲ್ಲ."

ಬಿಂದುಶ್ರೀ ಒದ್ದೆ ಸೆರಗು ಹಿಂಡಿದರು.

"ಆಸೆ ಇಲ್ಲ ಅಂದ್ಕೊಂಡ್ರಾ? ಬೆಳಿಗ್ಗೆ ಎದ್ರೆ ನಿಮಗ್ ಫೋನ್ ಮಾಡೋದೇ ಯೋಚನೆ," ಎಂದರು. "ಆದ್ರೆ ಭಯ ಆಗುತ್ತೆ ಜಗನ್. ಇವತ್ತಿನವರೆಗೂ ಇವಳು ನನ್ ಸ್ಟೂಡೆಂಟ್, ಅದಕ್ಕೆ ಧೈರ್ಯವಾಗಿದ್ದೆ. ಮಗಳಾದ್ರೆ ನಾನೂ ನಿಮ್ ಥರನೇ ಆಗ್ತೀನಿ. ಎಲ್ಲಾ ಬಾಗಿಲೂ ಹಾಕ್ಬಿಡ್ತೀನಿ. ಆಮೇಲೆ ಇವಳನ್ನ ಹೊರಗ್ ಬಿಡೋರ್ ಯಾರು?"

"ನಾನ್ ಬಿಡ್ತೀನಿ."

ಆ ಮಾತನ್ನು ಪರೀಕ್ಷಿಸುವವಳಂತೆ ಮೈತ್ರಿ ಎದ್ದಳು. ನೀರಿಗೆ ಬೆನ್ನು ಮಾಡಿ, ಶಾಲೆಯ ಕಡೆಗೆ ಒಬ್ಬಳೇ ಹೊರಟಳು. ಬಿಂದುಶ್ರೀ ದಡಬಡನೆ ಏಳಹೋದರು. ನಾನು ಅವರ ಕೈ ಹಿಡಿದೆ. ಮೊದಲ ಸಲ ಹಿಡಿದದ್ದು, ಹಿಮದಂತೆ ತಣ್ಣಗಿತ್ತು.

"ಕೂತ್ಕೊಳ್ಳಿ," ಎಂದೆ.

ಮೈತ್ರಿ ನಡುದಾರಿಯಲ್ಲಿ ನಿಂತಳು. ನಾಲೆಯತ್ತ ಒಮ್ಮೆ ತಿರುಗಿದಳು. ಬಿಂದುಶ್ರೀಯ ಉಗುರು ನನ್ನ ಅಂಗೈಗೆ ನಾಟಿತು. ಎದ್ದು ಓಡಬೇಕೆಂದು ನನ್ನ ಕಾಲು ಒದ್ದಾಡುತ್ತಿತ್ತು. ಇಬ್ಬರೂ ಏಳಲಿಲ್ಲ. ಅವಳು ಮತ್ತೆ ನಡೆದಳು, ಜಗಲಿ ಹತ್ತಿದಳು, ಒಳಗೆ ಹೋದಳು.