ಜಕ್ಕವ್ವನ ಏಳು ಕರಿ ಕುರಿ

ಬಹಳ ಹಿಂದೆ, ಬಂಡೆಗಳು ಮಾತು ನಿಲ್ಲಿಸಿ ಇನ್ನೂ ಸ್ವಲ್ಪವೇ ದಿನವಾಗಿದ್ದ ಕಾಲದಲ್ಲಿ, ಹೊನ್ನಗಿರಿ ಎಂಬ ರಾಜ್ಯದಲ್ಲಿ ಲಗುಮವ್ವ, ಜಕ್ಕವ್ವ ಎಂಬ ಅಕ್ಕತಂಗಿಯರಿದ್ದರು. ಅಪ್ಪ ಸಾಯುವ ಮೊದಲು ನಡುವೆ ಬೇಲಿ ಹಾಕಿ ನೆಲ ಹಂಚಿದ್ದ. ಅಕ್ಕನಿಗೆ ಹಳ್ಳದ ಬದಿಯ ಹಸಿ ನೆಲ, ತಂಗಿಗೆ ಜಾಲಿ ಬೆಳೆದ ಕಲ್ಲುಮರಡಿ. "ಒಬ್ಬೊಬ್ಬರ ನೆಲಕ್ಕ ಏಳೇ ಕುರಿ. ತಳಿ ನೋಡಿ ತರ್ರಿ," ಎಂದು ಹೇಳಿ ಕಣ್ಣು ಮುಚ್ಚಿದ.

ಅಕ್ಕ ಉದ್ದ ಉಣ್ಣೆಯ ಏಳು ಬಿಳಿ ಕುರಿ ತಂದಳು. ಅಂದೇ ತಂಗಿಯ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಅಕ್ಕ ಗಿಣ್ಣು ಕಳಿಸಿದರೆ "ಅಣಕಸ್ತಾಳ" ಅನ್ನುವಳು. ಕಳಿಸದಿದ್ದರೆ "ಜಿಪುಣಿ" ಅನ್ನುವಳು. ಪಾಪ, ಅಕ್ಕ ಏನು ಮಾಡಿಯಾಳು?

ಅಕ್ಕನ ಕುರಿಗಿಂತ ಚೆಂದದ ಕುರಿ ಬೇಕೆಂದು ಜಕ್ಕವ್ವ ಮಾಯಾಗುಡ್ಡ ಹತ್ತಿದಳು. ಅಲ್ಲಿ ಕರಿಗಂಟನೆಂಬ ಮಾಂತ್ರಿಕ ಮೂರು ತಳಿಯ ಕುರಿ ಸಾಕಿದ್ದ. ಆ ಸೀಮೆಯಲ್ಲಿ ಒಂದು ಕಟ್ಟಳೆಯಿತ್ತು. ಕುರಿ ತರಲು ಹೋಗುವವರು ತಮ್ಮ ನೆಲದ ಮೇವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಬೇಕು. ಅದನ್ನು ಮೆದ್ದ ಕುರಿ ನಮ್ಮದು, ಮೂತಿ ತಿರುಗಿಸಿದ್ದು ನಮ್ಮದಲ್ಲ. ಆದರೆ ತನ್ನ ಒಣ ಜಾಲಿಕಾಯಿ ತೋರಿಸಲು ಜಕ್ಕವ್ವನಿಗೆ ನಾಚಿಕೆ. ಬೇಲಿ ನುಸುಳಿ ಅಕ್ಕನ ಗರಿಕೆ ಕೊಯ್ದು ಕಟ್ಟಿಕೊಂಡಿದ್ದಳು.

ಅವಳ ನೆಲದ್ದಲ್ಲದ ಗರಿಕೆ ಕಂಡು ಮಾಂತ್ರಿಕ ಒಳಗೊಳಗೇ ಹಿಗ್ಗಿದ. "ಮೂರು ಸಲ ಬರಬಹುದು. ಮೊದಲನೇ ಸಲಕ್ಕ ನಿನ್ನ ನಗು ಕೊಡು, ಎರಡನೇ ಸಲಕ್ಕ ನಿದ್ದಿ. ಮೂರನೇ ಸಲವೂ ಕುರಿ ನಿನ್ನ ನೆಲದಾಗ ಮೂರು ದಿನ ನಿಲ್ಲಲಿಲ್ಲಂದ್ರ, ನೀನೇ ಕುರಿಯಾಗಿ ಇಲ್ಲಿರಬೇಕು," ಎಂದ. ಅವನ ಹಿಂದೆ ಗೂಟಕ್ಕೆ ಕಟ್ಟಿದ್ದ ಬೂದು ಕುರಿಗಳಿಗೆ ಮನುಷ್ಯರ ಕಣ್ಣುಗಳಿದ್ದವು. ಜಕ್ಕವ್ವ ಅತ್ತ ನೋಡಲೇ ಇಲ್ಲ.

ಬೆಳ್ಳಿ ಉಣ್ಣೆಯ ಕುರಿಗಳು ಗರಿಕೆ ಮೆದ್ದವು. ಅವಳು ನಗು ಕೊಟ್ಟು ಏಳನ್ನು ಹೊಡೆದುಕೊಂಡು ಬಂದಳು. ಅವು ಕಲ್ಲುಮರಡಿಯನ್ನು ಮೂಸಿ, ಒಂದೇ ನೆಗೆತಕ್ಕೆ ಬೇಲಿ ಹಾರಿ ಅಕ್ಕನ ಹಟ್ಟಿ ಸೇರಿದವು.

"ತಂಗೀ, ನಿನ್ನ ಕುರಿ ಇಲ್ಲಿ ಬಂದಾವ ನೋಡವ್ವ!" ಎಂದು ಅಕ್ಕ ಕೂಗಿದಳು. ಎಷ್ಟು ಸಲ ಅಟ್ಟಿದರೂ ಮತ್ತೆ ಹಾರಿದವು. ಮೂರನೆಯ ದಿನ ಮಂಜಾಗಿ ಗುಡ್ಡಕ್ಕೆ ಮರಳಿದವು.

ಜಕ್ಕವ್ವ ಮತ್ತೆ ಅಕ್ಕನ ಗರಿಕೆ ಕದ್ದಳು, ಮತ್ತೆ ಗುಡ್ಡ ಹತ್ತಿದಳು. ಈ ಸಲ ನಿದ್ದೆ ಕೊಟ್ಟು, ಮೂರು ಹೊತ್ತೂ ಹಾಲು ಕರೆಯುವ ಕುರಿ ತಂದಳು. ಅವೂ ಮೂಸಿದವು, ಹಾರಿದವು, ಮಂಜಾದವು. ಈಗ ನಗುವಿಲ್ಲ, ನಿದ್ದೆಯಿಲ್ಲ; ಹೊಟ್ಟೆಕಿಚ್ಚು ಮಾತ್ರ ಗಟ್ಟಿಮುಟ್ಟಾಗಿತ್ತು.

ಮೂರನೆಯ ಸಲ ಕುಡುಗೋಲು ಹಿಡಿದು ಬೇಲಿ ನುಸುಳಿದಾಗ ಅಕ್ಕ ಎದುರಿಗೇ ಕೂತಿದ್ದಳು. ಬಿಳಿ ಕುರಿಯ ಕಾಲು ಅವಳ ಮಡಿಲಲ್ಲಿತ್ತು. ಗೊರಸು ಕೊಳೆತು ನಾರುತ್ತಿತ್ತು.

"ಹಸಿ ನೆಲ, ತಂಗಿ. ಮಳಿ ಬಂದ್ರ ಏಳೂ ಕುಂಟತಾವ," ಎಂದು ಲಗುಮವ್ವ ಕಣ್ಣೊರೆಸಿಕೊಂಡಳು. "ನಿನ್ನ ಒಣ ಮರಡಿ ಕಂಡಾಗೆಲ್ಲ ನನ್ನ ಹೊಟ್ಟಿ ಉರೀತದ. ಅಪ್ಪ ಛಲೋ ನೆಲ ನಿನಗ ಕೊಟ್ಟ ಅಂತ ಎಷ್ಟು ಬೈದೀನಿ ಅವನ್ನ!"

"ನನ್ನ ಮರಡಿ ಕಂಡು? ನಿನಗ?"

"ಹೂಂ, ನನಗ."

ಜಕ್ಕವ್ವನಿಗೆ ನಗು ಬರಬೇಕಿತ್ತು. ಆದರೆ ಅದು ಮಾಂತ್ರಿಕನ ಬಳಿ ಇತ್ತು. ಅವಳು ತನ್ನ ನೆಲಕ್ಕೆ ಮರಳಿ, ಕೈಗೆ ಮುಳ್ಳು ಚುಚ್ಚಿಸಿಕೊಂಡು ಜಾಲಿಕಾಯಿ ಆಯ್ದು, ಸೆರಗಿನಲ್ಲಿ ಕಟ್ಟಿಕೊಂಡು ಗುಡ್ಡ ಹತ್ತಿದಳು.

"ಈ ಕಸ ಯಾಕ ತಂದಿ? ಗರಿಕಿ ಎಲ್ಲಿ?" ಮಾಂತ್ರಿಕನ ಮುಖ ಕಪ್ಪಿಟ್ಟಿತು.

"ಇದು ನನ್ನ ನೆಲದ್ದು," ಎಂದಳು ಜಕ್ಕವ್ವ.

ಬೆಳ್ಳಿ ಕುರಿ ಮೂತಿ ತಿರುಗಿಸಿದವು. ಹಾಲಿನ ಕುರಿ ಮೂತಿ ತಿರುಗಿಸಿದವು. ಆಗ ಹಟ್ಟಿಯ ಮೂಲೆಯಿಂದ, ಯಾರೂ ಕಣ್ಣೆತ್ತಿ ನೋಡದ ಗಿಡ್ಡ ಕಾಲಿನ, ಒರಟು ಉಣ್ಣೆಯ ಕರಿ ಕುರಿಗಳು ಬಂದು ಜಾಲಿಕಾಯಿಯನ್ನು ಕಟುಕಟು ಕಡಿದವು. ಅವುಗಳಲ್ಲಿ ಏಳನ್ನು ಅವಳು ಮನೆಗೆ ಹೊಡೆದುಕೊಂಡು ಬಂದಳು.

ಮಾಂತ್ರಿಕನೂ ಹಗ್ಗ ಹಿಡಿದು ಹಿಂದೆಯೇ ಬಂದು ಬೇಲಿಯ ಪಕ್ಕ ಕಾದು ಕೂತ. ಒಂದು ದಿನವಾಯಿತು, ಎರಡು ದಿನವಾಯಿತು. ಕರಿ ಕುರಿಗಳು ಮುಳ್ಳಿನ ನಡುವೆ ಮೇಯ್ದವು, ಬಿಸಿ ಕಲ್ಲಿನ ಮೇಲೆ ಮಲಗಿದವು. ಮೂರನೆಯ ದಿನ ಹೊತ್ತು ಇಳಿಯುವವರೆಗೂ ಒಂದೂ ಬೇಲಿಯತ್ತ ತಲೆ ಎತ್ತಲಿಲ್ಲ. ಪರರ ಹೊಟ್ಟೆಕಿಚ್ಚೇ ಮಾಂತ್ರಿಕನ ಬಲವಾಗಿತ್ತು, ಜಕ್ಕವ್ವನ ಕಿಚ್ಚು ಆರುತ್ತಲೇ ಆ ಬಲ ಕರಗಿತು. ಅವನು ಬೇಲಿಯಲ್ಲಿ ಕುತ್ತಿಗೆ ಸಿಕ್ಕಿಸಿಕೊಂಡ ಬೋಳು ಟಗರಾದ. ಗುಡ್ಡದ ಬೂದು ಕುರಿಗಳೆಲ್ಲ ಮನುಷ್ಯರಾಗಿ ತಮ್ಮ ತಮ್ಮ ಮನೆಗೆ ನಡೆದರು.

ಜಕ್ಕವ್ವನಿಗೆ ಬಾಕಿಯಿದ್ದ ನಗುವೆಲ್ಲ ಒಮ್ಮೆಲೇ ಬಂತು. ನಕ್ಕು ನಕ್ಕು ಅಕ್ಕನ ತೊಡೆಯ ಮೇಲೆಯೇ ನಿದ್ದೆ ಹೋದಳು.

ಆಮೇಲೆ ಇಬ್ಬರೂ ಬೇಲಿಗೆ ಒಂದು ಬಾಗಿಲು ಮಾಡಿದರು. ಮಳೆಗಾಲದಲ್ಲಿ ಬಿಳಿ ಕುರಿ ಒಣ ಮರಡಿಗೆ ಬಂದವು, ಬೇಸಿಗೆಯಲ್ಲಿ ಕರಿ ಕುರಿ ಹಳ್ಳದ ನೀರಿಗೆ ಇಳಿದವು. ಎಲ್ಲರೂ ಹೊಟ್ಟೆ ತುಂಬ ಉಂಡು ಬಾಳಿದರು. ಈಗಲೂ ಅಕ್ಕನ ಕುರಿ ಅವಳಿ ಮರಿ ಹಾಕಿದರೆ ಜಕ್ಕವ್ವ ಒಂದು ಗಳಿಗೆ ಮುಖ ಊದಿಸಿಕೊಂಡು ಕೂರುತ್ತಾಳಂತೆ. ಆಮೇಲೆ ಎದ್ದು, ಬೆಲ್ಲದ ಉಂಡೆ ಹಿಡಿದು ಬೇಲಿಬಾಗಿಲು ದಾಟುತ್ತಾಳೆ.