ಕಾರಿನ ಹಿಂದಿನ ಕಣ್ಣು

"ನಿಲ್ಸಿ! ನಿಲ್ಸೀ ಮೇಡಂ!"

ಹಿಂದಕ್ಕೆ ಬರುತ್ತಿದ್ದ ಕಾರಿನ ಡಿಕ್ಕಿಯ ಮೇಲೆ ಯಾರೋ ಎರಡೂ ಕೈಯಲ್ಲಿ ಬಡಿದ ಸದ್ದಿಗೆ ನಯನಾಳ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಿತ್ತು. ಎಂಜಿನ್ ಗಕ್ಕನೆ ನಿಂತಿತು.

ಅಯ್ಯೋ... ಯಾರಿಗಾದರೂ ತಾಗಿತೇ?

ಬಡಿದವನು ಪಕ್ಕಕ್ಕೆ ಬಂದು ಕಿಟಕಿಯತ್ತ ಬಗ್ಗಿದ. ಮೂವತ್ತರ ಆಸುಪಾಸಿನ ಎತ್ತರದ ಆಳು. ಬೈಯುತ್ತಾನೆ ಎಂದುಕೊಂಡಳು. ಅವನು ನಗುತ್ತಿದ್ದ.

"ಇನ್ನೊಂದು ಗೇಣು ಬಂದಿದ್ರೆ ನನ್ ಅಂಗಡೀಲಿ ನನ್ ಫೋಟೋಗೇ ಹಾರ ಹಾಕ್ಬೇಕಿತ್ತು. ಹಿಂದೆ ನೋಡಲ್ವಾ ನೀವು?"

"ನೋಡಿದೆ... ನೀವು ಕಾಣಲಿಲ್ಲ."

"ಆರಡಿ ಆಳು ಕಾಣ್ನಿಲ್ವಾ?"

ನಯನಾ ಮುಖ ಕೆಂಪಗೆ ಮಾಡಿಕೊಂಡು ತಲೆಯೆತ್ತಿದಳು. ರಾಮನಗರದ ಹಳೇ ಮೈಸೂರು ರಸ್ತೆಯಲ್ಲಿ ಅವಳು ಕಾರು ನಿಲ್ಲಿಸಿದ್ದದ್ದು ಕಾರಿನ ಸಾಮಾನು ಮಾರುವ ಅಂಗಡಿಯ ಮುಂದೆಯೇ. ಸೀಟು ಕವರು, ಹಾರನ್ನು, ಗಾಜಿಗೆ ಅಂಟಿಸುವ ದೇವರು... ಅವುಗಳ ನಡುವೆ ಒಂದು ಬೋರ್ಡು: ಇಲ್ಲಿ ರಿವರ್ಸ್ ಕ್ಯಾಮೆರಾ ಹಾಕಲಾಗುವುದು.

"ಒಂದು ಕ್ಯಾಮೆರಾ ಹಾಕಿಕೊಡಿ," ಎಂದಳು.

ನಯನಾ ಅಲ್ಲಿಯ ಕಾಲೇಜೊಂದರಲ್ಲಿ ಲೈಬ್ರರಿಯನ್. ಮಾಗಡಿ ತಾಲ್ಲೂಕಿನ ಕಲ್ಯದಿಂದ ದಿನವೂ ಬಂದು ಹೋಗುವುದಕ್ಕೆಂದು ಹಳೆಯ ಕಾರೊಂದನ್ನು ಕೊಂಡಿದ್ದಳು. ಮುಂದಕ್ಕೆ ಓಡಿಸುವುದರಲ್ಲಿ ತೊಂದರೆಯಿರಲಿಲ್ಲ. ರಿವರ್ಸ್ ಎಂದರೆ ಮಾತ್ರ ಕೈ ಬೆವರುತ್ತಿತ್ತು. ಬೆಳಿಗ್ಗೆ ಅವಳ ತಾಯಿ ಮಾರಕ್ಕ ಕಾರಿನ ಹಿಂದೆ ನಿಂತು "ಬಾ ಬಾ ಬಾ... ಸಾಕು!" ಎನ್ನದೆ ಕಾರು ಅಂಗಳ ಬಿಡುತ್ತಿರಲಿಲ್ಲ.

ಅಂಗಡಿಯವನ ಹೆಸರು ಸಿದ್ಧಾರ್ಥ. ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಕಲಿತು ಸ್ವಂತ ಅಂಗಡಿ ಹಾಕಿಕೊಂಡವನು. ನಂಬರ್ ಪ್ಲೇಟಿನ ಮೇಲೆ ಸಣ್ಣ ತೂತು ಕೊರೆದು, ಅಡಿಕೆ ಗಾತ್ರದ ಕ್ಯಾಮೆರಾ ಕೂರಿಸಿದ. ಅದರ ಒಂದು ವೈರನ್ನು ರಿವರ್ಸ್ ದೀಪದ ವೈರಿಗೆ ಸೇರಿಸಿದ. ಇನ್ನೊಂದನ್ನು ಬಾಗಿಲಿನ ಕೆಳಗಿನ ಪಟ್ಟಿಯೊಳಗೆ ಎಳೆದು, ಸ್ಟೀರಿಂಗ್ ಪಕ್ಕ ಕೂರಿಸಿದ ಪುಟ್ಟ ಪರದೆಗೆ ತಂದ. ನಯನಾ ಅವನ ಹಿಂದೆಯೇ ಸುತ್ತಿದಳು.

"ಮಳೆ ನೀರು ಒಳಗೆ ಹೋಗಲ್ವಾ?"

"ಇಲ್ಲ ಮೇಡಂ, ರಬ್ಬರ್ ಹಾಕೀನಿ."

"ವೈರು ಬಿಸಿಯಾಗಿ ಬೆಂಕಿ ಗಿಂಕಿ...?"

"ಫ್ಯೂಸ್ ಐತೆ. ನೀವು ಒಸಿ ಕೂತ್ಕಳಿ. ನಿಮ್ ಭಯ ನೋಡಿ ನಂಗೇ ಕೈ ನಡುಗ್ತಾ ಐತೆ!"

ಕೊನೆಗೆ ಅವನು ಮಾಡಿದ್ದು ಅವಳು ನಿರೀಕ್ಷಿಸದ ಕೆಲಸ. ಕಾರಿನ ಹಿಂದೆ ಹೋಗಿ ಕೈಕಟ್ಟಿ ನಿಂತ.

"ರಿವರ್ಸ್ ತಗೊಳ್ಳಿ. ಪರದೇಲಿರೋ ಕೆಂಪು ಗೆರೆ ನನ್ ಕಾಲಿಗೆ ಮುಟ್ತಿದ್ದಂಗೆ ನಿಲ್ಸಿ."

"ನೀವು ಪಕ್ಕಕ್ಕೆ ಹೋಗಿ! ಬಕೆಟ್ಟೋ ಏನೋ ಇಡಿ."

"ಇಲ್ಲಿ ಹಂಗೇ ನಡ್ಕೊಂಡು ಬಂದಿರೋದು ಮೇಡಂ. ನಾನ್ ಹಾಕಿದ್ ಕ್ಯಾಮೆರಾನ ನಾನೇ ನಂಬ್ದಿದ್ರೆ ನೀವ್ ಹೆಂಗ್ ನಂಬ್ತೀರಾ? ಬನ್ನಿ... ನಾನು ಕಾಣ್ತಿದೀನಾ?"

ಪರದೆಯಲ್ಲಿ ಅವನ ಮುಖ, ನಗು, ಅಂಗಿಗೆ ಮೆತ್ತಿದ್ದ ಗ್ರೀಸು ಎಲ್ಲವೂ ಸ್ಪಷ್ಟವಾಗಿತ್ತು.

"ಕಾಣ್ತಿದೀರಾ..." ಎಂದಳು. ಕಾರು ಇಂಚಿಂಚೇ ಸರಿದು ನಿಂತಿತು.

ಆ ಸಂಜೆ ಮಾರಕ್ಕ ಕ್ಯಾಮೆರಾವನ್ನು ಬಗ್ಗಿ ನೋಡಿ, "ಇದೇನವ್ವ ಇದು?" ಎಂದಳು.

"ಕಾರಿನ ಹಿಂದಿನ ಕಣ್ಣು ಅವ್ವ. ಇನ್ನು ನೀನು ಹಿಂದೆ ನಿಲ್ಲೋದು ಬೇಡ."

ಆಮೇಲೆ ಪರದೆಯ ಗೆರೆ ಸೊಟ್ಟಗಿದೆ ಎಂದು ನಯನಾ ಒಮ್ಮೆ ಅಂಗಡಿಗೆ ಹೋದಳು. ಗೆರೆ ನೆಟ್ಟಗೇ ಇತ್ತು. ಅವನಿಗೂ ಅದು ಗೊತ್ತಿತ್ತು. ಆದರೂ ಬಹಳ ಹೊತ್ತು ಸರಿಮಾಡಿದ. ಮುಂದೊಂದು ಭಾನುವಾರ ಇಬ್ಬರೂ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿದ್ದಾಗ ಸಿದ್ಧಾರ್ಥ ಚಟ್ನಿ ನೋಡುತ್ತಾ ಕೇಳಿದ:

"ನಮ್ಮವ್ವನ್ನ ನಿಮ್ಮನೆಗೆ ಕಳಿಸ್ಲಾ? ಮಾತಾಡೋಕೆ."

ಹೂಂ ಎನ್ನಬೇಕೆಂದು ಮನಸ್ಸು ತುದಿಗಾಲಲ್ಲಿತ್ತು. ಆದರೆ ಒಂದು ಮಾತನ್ನು ಹತ್ತು ಸಲ ತಿರುಗಿಸಿ ನೋಡದೆ ಆಡಿದವಳಲ್ಲ ನಯನಾ.

"ಆಯುಧಪೂಜೆ ಮುಗೀಲಿ... ಹೇಳ್ತೀನಿ."

ಹಬ್ಬ ಮುಗಿಯಿತು. ಕಾಲೇಜು ತೆರೆದ ದಿನ ಬೆಳಿಗ್ಗೆ, ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಕಾರು ಹತ್ತಿದಳು. ರಿವರ್ಸ್ ಹಾಕಿದರೆ ಪರದೆಯೆಲ್ಲ ಹಳದಿ ಮಬ್ಬು. ಊರ ಬೆಟ್ಟದಿಂದ ಮಂಜು ಇಳಿದಿತ್ತು. ಮಂಜೇ ಇರಬೇಕು. ಕ್ಯಾಮೆರಾ ಇದೆಯಲ್ಲ, ಏನಾದರೂ ಅಡ್ಡ ಬಂದರೆ ಕಾಣದೇ ಇರುತ್ತದೆಯೇ ಎಂದು ಮೆಲ್ಲಗೆ ಹಿಂದಕ್ಕೆ ಬಿಟ್ಟಳು.

ಲಟಾರ್!

ಬಟ್ಟೆ ಒಗೆಯುವ ಕಲ್ಲಿನ ಬಳಿಯಿದ್ದ ಬಕೆಟ್ಟು ಚಕ್ರದಡಿ ಪುಡಿಯಾಗಿತ್ತು. ಮಾರಕ್ಕ ಆಗಷ್ಟೇ ಅಲ್ಲಿಂದೆದ್ದು, ಹಿಂಡಿದ ಸೀರೆ ಹಿಡಿದು ಹಗ್ಗದ ಕಡೆ ಹೋಗಿದ್ದಳು.

"ಹೋದ್ರೆ ಹೋಯ್ತು ಬುಡವ್ವ, ಬಕೆಟ್ ತಾನೆ," ಎಂದಳು ಮಾರಕ್ಕ. ನಯನಾ ಮಾತ್ರ ಕಾಲೇಜಿಗೂ ಹೋಗದೆ ನೇರವಾಗಿ ಸಿದ್ಧಾರ್ಥನ ಅಂಗಡಿಗೇ ಬಂದಳು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಸಿದ್ಧಾರ್ಥನ ಗೆಳೆಯ, ಟ್ಯಾಕ್ಸಿ ಓಡಿಸುವ ದೇವರಾಜ್ ಕೂಡ ಟೀ ಕುಡಿಯುತ್ತಾ ಕೂತಿದ್ದ. ನಯನಾ ಯಾರನ್ನೂ ನೋಡಲಿಲ್ಲ.

"ನಿಮ್ಮ ಮಾತು ನಂಬಿ ನಾನು ನಮ್ಮವ್ವನ ಮೇಲೇ ಕಾರು ಹತ್ತಿಸ್ತಿದ್ದೆ! ಎಂಥ ಕ್ಯಾಮೆರಾ ಹಾಕಿದ್ರಿ? ಜೀವಕ್ಕೆ ಬೆಲೆ ಇಲ್ವಾ ನಿಮಗೆ?"

ಸಿದ್ಧಾರ್ಥ ಕಾರಿನ ಹಿಂದೆ ಹೋಗಿ ಕೂತ. ಡಿಕ್ಕಿಯ ಮೇಲೆಲ್ಲ ಹಬ್ಬದ ಅರಿಶಿನ, ಕುಂಕುಮ, ಬಾಡಿದ ಚೆಂಡುಹೂವು. ಬೆರಳಲ್ಲಿ ಏನನ್ನೋ ಒರೆಸಿ, ಅಲ್ಲಿಂದಲೇ ಕೇಳಿದ:

"ಪೂಜೆ ಯಾರು ಮಾಡಿದ್ದು?"

"ಅವ್ವ. ನಾನು ಒಳಗೆ ವಡೆ ಕರೀತಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ?"

ಅವನು ಅವಳನ್ನೊಮ್ಮೆ, ಸುತ್ತ ನಿಂತವರನ್ನೊಮ್ಮೆ ನೋಡಿದ.

"ಏನಿಲ್ಲ. ಒಸಿ ಮಬ್ಬಾಗಿತ್ತು, ಸರಿ ಮಾಡೀನಿ. ಇನ್ ತೊಂದ್ರೆ ಇಲ್ಲ."

"ಬೇಡ. ಕಿತ್ತುಬಿಡಿ. ನನಗೆ ಇದರ ಸಹವಾಸವೇ ಬೇಡ. ಅವತ್ತು ನೀವು ಕೇಳಿದ್ದೂ... ಬೇಡ."

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಗಾಬರಿಯಾಯಿತು. ಸಿದ್ಧಾರ್ಥ ಸ್ಕ್ರೂಡ್ರೈವರ್ ತೆಗೆದುಕೊಂಡ. ಕ್ಯಾಮೆರಾ ಬಿಚ್ಚಿ, ಮಳೆ ನೀರು ಹೋಗದಂತೆ ತೂತಿಗೆ ರಬ್ಬರ್ ಬಿರಡೆ ಹಾಕಿ ಒತ್ತಿದ. ಮುಖ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಮಾರಕ್ಕ ಮತ್ತೆ ಕಾರಿನ ಹಿಂದೆ ನಿಂತಳು. "ಬಾ ಬಾ..." ಎನ್ನಬೇಕಾದವಳು ಬಗ್ಗಿ ನೋಡಿದಳು.

"ಅಲ್ಲಾ ಕಣವ್ವ, ಇಲ್ಲಿದ್ದ ಕಣ್ಣು ಎಲ್ಲೋಯ್ತು? ಹಬ್ಬದಲ್ಲಿ ದಪ್ಪಗೆ ಗಂಧ ಮೆತ್ತಿ, ಮೇಲೆ ಕುಂಕುಮ ಇಟ್ಟಿದ್ನಲ್ಲ!"

ನಯನಾ ಕಾರಿನಿಂದ ಇಳಿದಳು.

"ಎಲ್ಲಿಗೆ ಇಟ್ಟಿದ್ದೆ?"

"ಕಣ್ಣಿಗೇ. ಮುಂದಿನ್ ಎರಡು ಲೈಟ್ಗೂ ಇಟ್ಟೆ, ಹಿಂದಿಂದೊಂದಕ್ಕೆ ಇಡ್ದೆ ಬುಟ್ರೆ ಆಯ್ತದಾ? ನೀನೇ ತಾನೆ ಕಣ್ಣು ಅಂದಿದ್ದು?"

ಪೂಜೆ ಯಾರು ಮಾಡಿದ್ದು... ಅವನು ಕೇಳಿದ್ದು ಅದಕ್ಕೆ! ನೋಡಿದ ಕೂಡಲೇ ತಿಳಿದಿತ್ತು ಅವನಿಗೆ. ನಿಮ್ಮವ್ವನೇ ಗಂಧ ಮೆತ್ತಿದಾರೆ ಎಂದು ಎಲ್ಲರೆದುರು ಒಂದೇ ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ.

ವಿಷಯ ತಿಳಿದ ಮಾರಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ ನನ್ ಬುದ್ಧಿಗಿಷ್ಟು! ನಾನೇ ಕಣ್ಣು ಮುಚ್ಚಿ ನಾನೇ ಅಲ್ಲಿ ಕೂತಿದ್ನಾ!" ಎಂದು ನಕ್ಕವಳು, ನಗು ನಿಲ್ಲಿಸಿ ಮಗಳನ್ನು ನೋಡಿದಳು.

"ಆ ಹುಡ್ಗ ಬೈಸ್ಕೊಂಡು ಸುಮ್ಕೆ ಇದ್ನಾ?"

"ಹೂಂ ಅವ್ವ."

"ನಿಂತ್ಕೊಂಡು ನನ್ ಮುಖ ಏನ್ ನೋಡ್ತೀಯೆ? ಹೋಗು. ಕ್ಯಾಮ್ರಾ ಹಾಕುಸ್ಕೊಂಡು ಬಾ. ಬರೋ ವರ್ಷ ಗಂಧನ ಡಿಕ್ಕಿಗಿಟ್ಟರಾಯ್ತು."

ದಾರಿಯುದ್ದಕ್ಕೂ ನಯನಾ ವಾಕ್ಯಗಳನ್ನು ಜೋಡಿಸಿದಳು. ಅಂಗಡಿ ಕಂಡದ್ದೇ ತಡ, ಎಲ್ಲವೂ ಮರೆತುಹೋದವು.

"ಬಂದ್ರು ಕಣ್ಲಾ ಸಿದ್ದು! ಹೆಲ್ಮೆಟ್ ಹಾಕ್ಕೊಳ್ಳಾ!" ದೇವರಾಜ್ ಕೂಗಿದ.

ನಯನಾ ದೇವರಾಜನ ಎದುರಿಗೇ ಬಂದು ನಿಂತು ಹೇಳಿದಳು, "ನಿನ್ನೆ ನಾನು ಕೂಗಾಡಿದ್ದು ತಪ್ಪು. ಕ್ಯಾಮೆರಾ ಸರಿಯಾಗಿಯೇ ಇತ್ತು. ಇದನ್ನ ನಿನ್ನೆ ಇಲ್ಲಿದ್ದವರಿಗೆಲ್ಲ ನೀವೇ ಹೇಳಬೇಕು, ದೇವರಾಜ್ ಅವರೇ."

ದೇವರಾಜ್ ಟೀ ಲೋಟ ಹಿಡಿದು ಮೆಲ್ಲಗೆ ಹೊರಗೆ ಜಾರಿದ.

"ಯಾಕೆ ಹೇಳಲಿಲ್ಲ?" ನಯನಾ ಸಿದ್ಧಾರ್ಥನತ್ತ ತಿರುಗಿದಳು.

"ಹೇಳಿದ್ರೆ ನೀವು ಮನೇಗೋಗಿ ಅವ್ವನ್ ಮೇಲೆ ಕೂಗಾಡ್ತಿದ್ರಿ. ಮಗಳು ಚೆನ್ನಾಗಿರ್ಲಿ ಅಂತ ಇಟ್ಟಿರೋ ಗಂಧ ಅದು. ಬೈಗುಳ ನಂಗೇ ಬಿದ್ರೆ ತಡ್ಕೋತೀನಿ ಅನ್ಕೊಂಡೆ."

"ತಡ್ಕೊಂಡ್ರಾ?"

"ಇಲ್ಲ," ಎಂದ ಸಿದ್ಧಾರ್ಥ. "ರಾತ್ರಿ ಊಟ ಸೇರ್ನಿಲ್ಲ."

ಅವನು ಗೋಡೆಯ ಮೊಳೆಗೆ ನೇತುಹಾಕಿದ್ದ ಕ್ಯಾಮೆರಾ ತೆಗೆದ. ಯಾರೋ ಕೇಳಿದ್ದರಂತೆ, ಕೊಟ್ಟಿರಲಿಲ್ಲ. ರಬ್ಬರ್ ಬಿರಡೆ ಕಿತ್ತು, ಅದೇ ತೂತಿಗೆ ಅದನ್ನು ಮತ್ತೆ ಕೂರಿಸಿದ. ಈ ಸಲ ನಯನಾ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಆಮೇಲೆ ಕಾರಿನ ಹಿಂದೆ ಹೋಗಿ ನಿಂತ. ಕೈ ಕಟ್ಟಲಿಲ್ಲ. ಕೈ ಎಲ್ಲಿಡುವುದೆಂದು ತಿಳಿಯದವನಂತಿದ್ದ.

"ನಾನು ಕಾಣ್ತಿದೀನಾ?"

ಪರದೆಯಲ್ಲಿ ಅವನನ್ನೇ ನೋಡುತ್ತಾ ನಯನಾ ಮೆಲ್ಲಗೆ ಹಿಂದಕ್ಕೆ ಬಂದಳು. ಕೆಂಪು ಗೆರೆ ಅವನ ಕಾಲು ಮುಟ್ಟುವ ಸಾಕಷ್ಟು ಮೊದಲೇ ಕಾರು ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿದಳು.

"ಕಾಣ್ತಿದೀರಾ. ಸಿದ್ದು... ಭಾನುವಾರ ನಿಮ್ಮವ್ವನ್ನ ಕಳಿಸಿ."

"ಏನಂದ್ರಿ? ಹಾರನ್ ಸದ್ದು, ಕೇಳಿಸ್ನಿಲ್ಲ!"

ರಸ್ತೆಯಲ್ಲಿ ಯಾರೂ ಹಾರನ್ನು ಹೊಡೆದಿರಲಿಲ್ಲ.

"ಕಳಿಸಿ ಅಂದೆ! ನೀವೂ ಬನ್ನಿ!"

ಅವನು ಮುಖ ಪಕ್ಕಕ್ಕೆ ತಿರುಗಿಸಿ, ಗ್ರೀಸಿನ ಕೈಯಲ್ಲೇ ಕಣ್ಣೊರೆಸಿಕೊಂಡ. ಕೆನ್ನೆಯ ಮೇಲೆ ಕಪ್ಪು ಗೆರೆ ಮೂಡಿತು. ತಲೆ ಒಳಗೆಳೆದುಕೊಂಡ ಅವಳು ಅದನ್ನೂ ಪರದೆಯಲ್ಲಿ ಕಂಡಳು.

"ಇನ್ನೂ ಒಸಿ ಹಿಂದಕ್ಕೆ ಬನ್ನಿ," ಎಂದ. "ಜಾಗ ಐತೆ."